ಊಟದ ಹೊತ್ತು ದಾಟಿದ ಮೇಲೆ

ಪ್ರೀತಿಯ ಚಿಕ್ಕಮ್ಮ,

ಬರುವ ವಾರ ಅಪ್ಪನನ್ನು ನೋಡಲು ಬರುತ್ತೀರಂತೆ. ಅದಕ್ಕೆ ಮುಂಚೆ ಒಂದು ವಿಷಯ ಹೇಳಲೇಬೇಕು.

ಅಪ್ಪನಿಗೆ ಮರೆವು ಹೆಚ್ಚಾಗಿದೆ. ಕರ್ನಲ್ ಆದದ್ದು, ಪದಕ ಬಂದದ್ದು, ಅಮ್ಮ ತೀರಿಕೊಂಡದ್ದು ಯಾವುದೂ ನೆನಪಿಲ್ಲ. ತನ್ನ ಸಿಪಾಯಿಗಳೆಲ್ಲ ಉಂಡ ಮೇಲೆಯೇ ತಾನು ಉಣ್ಣುವ ಅಭ್ಯಾಸ ಮಾತ್ರ ಹೋಗಿಲ್ಲ. ದಿನಾ ತಟ್ಟೆಯ ಮುಂದೆ ಕೂತು, "ಜೀಪು ವಾಪಸ್ ಬಂತಾ? ಡ್ರೈವರ್ ಊಟ ಮಾಡಿದ್ನಾ?" ಎಂದು ಕೇಳುತ್ತಾರೆ.

ಗಡಿಗೆ ಹೋದ ಆ ಜೀಪು ಬರಲೇ ಇಲ್ಲ, ಅದನ್ನು ಓಡಿಸುತ್ತಿದ್ದ ಚಿಕ್ಕಪ್ಪ ಅದರಲ್ಲೇ ತೀರಿಹೋದರು ಎಂದು ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸುದ್ದಿ ಆಗಷ್ಟೇ ಕೇಳಿದವರ ಹಾಗೆ ಕುಸಿದರು. "ಕಳಿಸಿದ್ದು ನಾನೇ ಕಣೇ. ಅವನ ಹೆಂಡ್ತಿಗೆ ಯಾವ ಮುಖ ತೋರಿಸ್ಲಿ?" ಎಂದು ತಟ್ಟೆ ಸರಿಸಿದರು. ಮರುದಿನ ಎಲ್ಲ ಮರೆತು ಮತ್ತೆ ಅದನ್ನೇ ಕೇಳಿದರು.

"ಬಂದ್ರು ಅಪ್ಪಾ, ಊಟಾನೂ ಆಯ್ತು" ಎಂದುಬಿಟ್ಟೆ. ಅಂದಿನಿಂದ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ.

ನಿಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ಗಂಡನನ್ನು ದಿನಾ ಬದುಕಿಸಿ ಕರೆತರುತ್ತಿದ್ದೇನೆ, ಚಿಕ್ಕಮ್ಮ. ಊಟದ ಹೊತ್ತಿಗೆ ಬಂದರೆ ಅಪ್ಪ ನಿಮ್ಮನ್ನೇ ಕೇಳುತ್ತಾರೆ. ಆಗ ಹೂಂ ಎಂದುಬಿಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅದಕ್ಕೇ ಊಟದ ಹೊತ್ತು ದಾಟಿದ ಮೇಲೆ ಬನ್ನಿ. ನಿಮ್ಮ ಪಾಲು ಎತ್ತಿಟ್ಟಿರುತ್ತೇನೆ. ಅಡುಗೆಮನೆಯಲ್ಲಿ ಇಬ್ಬರೂ ಒಟ್ಟಿಗೆ ಉಣ್ಣೋಣ. ಆ ಸುಳ್ಳು ಹೇಳಿದ ಮೇಲೆ ಅಪ್ಪನ ಎದುರು ಕೂತರೆ ನನಗೆ ತುತ್ತು ಇಳಿಯುವುದಿಲ್ಲ.

ನಿಮ್ಮ
ಪುಟ್ಟಿ