ಹದಿನಾಲ್ಕನೇ ಕೊಳವೆಬಾವಿಯ ವರದಿ ಎಲ್ಲಿ?

ಕುಡಿಯುವ ನೀರಿನ ಪರೀಕ್ಷೆಯ ಹೊಣೆ ಹೊತ್ತ ಮಾನ್ಯರೇ,

ಹದಿನೇಳು ವರ್ಷಗಳ ಹಿಂದೆ ನಿಮ್ಮ ಕಚೇರಿ ಬರೆಸಿದ ಒಂದು ವರದಿಯನ್ನು ಎಂಟು ತಿಂಗಳಿಂದ ಹುಡುಕುತ್ತಿದ್ದೇನೆ. ರಾಜಾನುಕುಂಟೆಯ ಆಚೆಗಿನ ಒಂದು ಊರಿನ ಕೊಳವೆಬಾವಿಗಳ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ಅದರಲ್ಲಿ ಬರೆದಿದೆ. ಕುಡಿದವರಿಗೆ ಮಾತ್ರ ಇವತ್ತಿಗೂ ತಿಳಿಸಿಲ್ಲ.

ಅಂಥದ್ದೊಂದು ಇತ್ತೆಂದು ನನಗೆ ಹೇಗೆ ಗೊತ್ತು? ಆ ಸಮೀಕ್ಷೆಯ ನಮೂನೆ ತುಂಬಿದವಳೇ ನಾನು. ಕನ್ನಡ ಮಾಧ್ಯಮದ ಬಿ.ಎ., ಅಕ್ಷರ ದುಂಡು, ಕೂಲಿ ತುಂಡು. ಹಾಗೆ ನಿಮ್ಮ ಜೀಪು ಹತ್ತಿದೆ. ಬಾವಿಗೊಂದು ಸಂಖ್ಯೆ ಕೊಟ್ಟು, ಬಾಟಲಿಗೆ ನೀರು ತುಂಬಿ, ಚೀಟಿ ಅಂಟಿಸಿದೆ. ಹದಿನಾಲ್ಕನೆಯದು ಮುನಿಕೆಂಪಮ್ಮನವರ ಮನೆಯ ಪಕ್ಕದ್ದು. ರಿಸಲ್ಟು ತಿಂಗಳಲ್ಲಿ ಬರುತ್ತದೆ, ನಾನೇ ತಂದುಕೊಡುತ್ತೇನೆ ಎಂದು ಅವರಿಗೆ ಹೇಳಿದ್ದೆ. ಕೆಲಸ ಮುಗಿಯಿತು, ನಾನೂ ಮರೆತೆ.

ಕಳೆದ ವರ್ಷ ಯಲಹಂಕದ ಆಸ್ಪತ್ರೆಯೊಂದರ ಸಾಲಿನಲ್ಲಿ ಅವರು ನನ್ನ ಗುರುತು ಹಿಡಿದರು. ಕತ್ತು ತಿರುಗದು, ಇಡೀ ಮೈಯನ್ನೇ ತಿರುಗಿಸಿ ನೋಡಿದರು. ನೀರಿನ ಫ್ಲೋರೈಡು ಮೂಳೆಗೆ ಇಳಿದಿದೆ ಎಂದಿದ್ದರಂತೆ ಡಾಕ್ಟರು. "ರಿಸಲ್ಟು ಬಂತೇನವ್ವ?" ಎಂದು ಕೇಳಿದರು. ಅದೇ ಬಾವಿಯಿಂದ ಈಗ ಅಂಗನವಾಡಿಗೂ ಪೈಪು ಎಳೆದಿದ್ದಾರೆ ಎಂಬುದೂ ಅವರಿಂದಲೇ ತಿಳಿಯಿತು.

ಹುಡುಕಲು ಹೊರಟೆ. ನಿಮ್ಮ ಜಾಲತಾಣದಲ್ಲಿ ಗಿಡ ನೆಟ್ಟ ಫೋಟೊಗಳಿವೆ, ನೀರಿನ ವರದಿಗಳಿಲ್ಲ. ಗ್ರಂಥಾಲಯಕ್ಕೆ ಹೋದರೆ ರೆಕಾರ್ಡ್ ರೂಮಿಗೆ ಕಳಿಸಿದರು, ರೆಕಾರ್ಡ್ ರೂಮಿನವರು ಗ್ರಂಥಾಲಯಕ್ಕೆ. ಮೂರನೇ ಸುತ್ತಿನಲ್ಲಿ ನಿಮ್ಮ ಗುಮಾಸ್ತರೊಬ್ಬರು ಮರುಗಿದರು: "ನೋಡಿ ಮೇಡಂ, ಅಚ್ಚಾಗಿಲ್ಲ, ಅದಕ್ಕೇ ಬುಕ್ಕಲ್ಲ. ನಂಬರ್ ಬಿದ್ದಿಲ್ಲ, ಅದಕ್ಕೇ ಫೈಲಲ್ಲ. ಎಲ್ಲಿಂದ ತರ್ಲಿ?" ಪ್ರಾಸ ಹಿಡಿಸಿತು, ಉತ್ತರ ಹಿಡಿಸಲಿಲ್ಲ.

ಹೀಗೆ ಅಚ್ಚಿಗೂ ಹೋಗದೆ, ಕಪಾಟಿಗೂ ಸೇರದೆ ಉಳಿದ ಬರಹಗಳನ್ನು ಸಂಶೋಧಕರು ಬೂದು ಸಾಹಿತ್ಯ ಎನ್ನುತ್ತಾರಂತೆ. ಹೆಬ್ಬಾಳದ ಗ್ರಂಥಾಲಯವೊಂದರ ಗ್ರಂಥಪಾಲಕಿ ಸರಳಾ ಅವರು ದಾರಿ ತೋರಿಸಿದರು: ವರದಿಯನ್ನು ಹುಡುಕಬೇಡಿ, ಅದನ್ನು ಓದಿದವರನ್ನು ಹುಡುಕಿ. ಪಿಎಚ್‌ಡಿ ಪ್ರಬಂಧಗಳ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ಮೂರನೆಯ ಪ್ರಬಂಧದಲ್ಲಿ ಸಿಕ್ಕಿತು: ಅಪ್ರಕಟಿತ ವರದಿ, ಪುಟ 31, ಹದಿನಾಲ್ಕನೇ ಬಾವಿಯಲ್ಲಿ ಫ್ಲೋರೈಡು ಮಿತಿಯ ಮೂರು ಪಟ್ಟು, ಕುಡಿಯಲು ಕೊಡಕೂಡದು. ಯಾರಿಗೋ ಡಾಕ್ಟರೇಟು ಸಿಕ್ಕಿತು. ಊರಿಗೆ ಅದೇ ನೀರು ಸಿಕ್ಕಿತು.

ಆ ಅಡಿಟಿಪ್ಪಣಿಯ ಪ್ರತಿ ಹಿಡಿದು ನಿಮ್ಮಲ್ಲಿಗೆ ಬಂದರೆ, ಮೂಲ ವರದಿ ತನ್ನಿ ಎಂದಿರಿ. ಹೊಸದಾಗಿ ಪರೀಕ್ಷಿಸಿ ಎಂದರೆ, ಆ ಬಾವಿ ಈಗಾಗಲೇ ಪರೀಕ್ಷೆಯಾದ ಪಟ್ಟಿಯಲ್ಲಿದೆ, ಮತ್ತೆ ಮಾಡುವಂತಿಲ್ಲ ಎಂದಿರಿ. ಖಾಸಗಿ ಲ್ಯಾಬಿನ ಫಲಿತಾಂಶಕ್ಕೆ ಮಾನ್ಯತೆಯಿಲ್ಲವಂತೆ. ಪರೀಕ್ಷೆ ಮಾಡಿದ್ದು ನಿಮಗೆ ನೆನಪಿದೆ, ಏನು ಬಂತೆಂಬುದು ಮರೆತಿದೆ. ನನ್ನ ಮರೆವಿಗೆ ನಾಚಿಕೆಯಾದರೂ ಇದೆ, ನಿಮ್ಮದಕ್ಕೆ ಏನಿದೆ?

ಅಡಿಟಿಪ್ಪಣಿಯನ್ನು ಮುನಿಕೆಂಪಮ್ಮನವರಿಗೆ ಓದಿ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. "ನೀರು ಕೆಟ್ಟಿದ್ರೆ ಬಂದು ಹೇಳ್ತಾಳೆ ಅನ್ಕೊಂಡಿದ್ವಿ ಕಣವ್ವ. ನೀನು ಬರ್ಲಿಲ್ಲ. ಒಳ್ಳೇ ನೀರೇ ಅಂತ ಕುಡ್ಕೊಂಡು ಬಂದ್ವಿ," ಎಂದರು.

ನಮ್ಮ ಮೌನವನ್ನು ಅವರು ಸರ್ಟಿಫಿಕೇಟು ಎಂದು ಓದಿಕೊಂಡಿದ್ದರು, ಮಾನ್ಯರೇ.

ಇಡೀ ವರದಿ ಬೇಡ. ಪುಟ 31ನ್ನು ಹುಡುಕಿಸಿ, ಕನ್ನಡದಲ್ಲಿ, ನಿಮ್ಮ ಮೊಹರು ಒತ್ತಿ, ಪಂಪ್‌ಹೌಸಿನ ಗೋಡೆಗೆ ಅಂಟಿಸಿ. ಸಿಗುವವರೆಗೆ ಕಾಯಬೇಡಿ, ಅಂಗನವಾಡಿಯ ನಲ್ಲಿಯನ್ನು ನಾಳೆಯೇ ಮುಚ್ಚಿಸಿ. ಅಲ್ಲಿ ಇಪ್ಪತ್ತೆರಡು ಮಕ್ಕಳಿದ್ದಾರೆ. ಇನ್ನೂ ಹಾಲುಹಲ್ಲಿನವರು. ಅವರಿಗೆ ಅಡಿಟಿಪ್ಪಣಿ ಓದಲು ಬರುವುದಿಲ್ಲ.

ಇಂತಿ,
ಹದಿನೇಳು ವರ್ಷ ತಡವಾಗಿ ಬಂದ ನಿಮ್ಮ ದಿನಗೂಲಿಯವಳು,
ಶಾಂತಲಾ, ಯಲಹಂಕ