ಮುಚ್ಚಳದ ಮೇಲಿನ ಕಲೆ

ಚೀಸ್ ಕೋಣೆಯ ಹೊರಗಿನ ಬೆಂಚು,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ನನ್ನವಳಿಗೆ,

ಹೇಗಿದ್ದೀಯ? ಪುಟ್ಟಿಯ ಬಾಣಂತನದ ಸುಸ್ತು ಇಳಿಯಿತೇ? ಹೊಸ ಮೊಮ್ಮಗಳು ನಿದ್ದೆ ಮಾಡಲು ಬಿಡುತ್ತಾಳೋ, ಇಲ್ಲಾ ತಾಯಿಯ ಹಾಗೆಯೇ ಬೀದಿಯನ್ನೆಲ್ಲ ಎಬ್ಬಿಸುತ್ತಾಳೋ? ಅಳಿಯಂದಿರ ಬೆನ್ನುನೋವು ಹೇಗಿದೆ? ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ನಾನೂ ಚೆನ್ನಾಗಿದ್ದೇನೆ ಎಂದೇ ಬರೆಯಬೇಕು. ಆದರೆ ಬೆಳಗಿನಿಂದ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಒದ್ದಾಡುತ್ತಿದ್ದೇನೆ.

ನಮ್ಮ ಚೀಸಿಗೆ ಯಹೂದಿಗಳ ಕೋಷರ್ ಮುದ್ರೆ, ಮುಸಲ್ಮಾನರ ಹಲಾಲ್ ಮುದ್ರೆ ಎರಡೂ ಬಿದ್ದರೆ ದೊಡ್ಡ ವ್ಯಾಪಾರಿಯೊಬ್ಬ ಕೊಳ್ಳುತ್ತಾನೆ, ಇಲ್ಲದಿದ್ದರೆ ಈ ಕೋಣೆಗೇ ಬೀಗ ಎಂದಿದ್ದೆನಲ್ಲ, ನಿನ್ನೆ ಎರಡೂ ಕಡೆಯ ಪರಿಶೀಲಕರು ಒಟ್ಟಿಗೇ ಬಂದರು. ಚೀಸಿಗೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯದ್ದೋ ಎಂದು ವಿಚಾರಿಸಿದರು, ಅಲ್ಲವೆಂದು ತೋರಿಸಿದೆವು. ಆಮೇಲೆ ಹಾಲು ಕಾಯಿಸುವ ತೊಟ್ಟಿಯ ಹತ್ತಿರ ನಿಂತು, "ಇಲ್ಲಿ ಹಾಲು ಬಿಟ್ಟು ಬೇರೇನಾದ್ರೂ ಬಿಸಿ ಮಾಡಿದ್ದುಂಟಾ?" ಎಂದರು. "ಛೇ ಛೇ, ದೇವರಾಣೆಗೂ ಇಲ್ಲ!" ಎಂದರು ನಮ್ಮ ಮಾಲೀಕರು. ಕೋಷರ್ ಹಿರಿಯರ ಕಣ್ಣು ಮಾತ್ರ ಮುಚ್ಚಳದ ಮೇಲಿನ ದುಂಡನೆಯ ಕಲೆ ಬಿಟ್ಟು ಕದಲಲಿಲ್ಲ. ನನ್ನ ಬಾಯಿ ನಿನಗೆ ಗೊತ್ತಲ್ಲ. "ಅದು ನನ್ನ ಊಟದ ಡಬ್ಬಿ ಬಿಸಿಗೆ ಕೂರೋ ಜಾಗ ಸ್ವಾಮಿ" ಎಂದುಬಿಟ್ಟೆ.

ಭಾನುವಾರ ಉಳಿದ ಕೋಳಿಯನ್ನು ನೀನು ಸೋಮವಾರ ಕಟ್ಟಿಕೊಡುತ್ತಿದ್ದುದು, ರಸ ಸೋರಿ ಮುಚ್ಚಳಕ್ಕೆ ಅಂಟುತ್ತಿದ್ದುದು, ಎಲ್ಲವನ್ನೂ ಹೇಳಿದೆ. ಮಾಂಸವೂ ಹಾಲೂ ಯಹೂದಿಗಳಲ್ಲಿ ಕೂಡಬಾರದಂತೆ. ತೊಟ್ಟಿ ಶುದ್ಧವಾಗಲು ಒಂದಿಡೀ ದಿನ ತಣ್ಣಗಿದ್ದು, ಆಮೇಲೆ ಅದರಲ್ಲಿ ಕುದಿನೀರು ಉಕ್ಕಿ ಹರಿಯಬೇಕು ಎಂದರು ಹಿರಿಯರು. ಬೈಯಲಿಲ್ಲ. ಹಲಾಲ್ ಸಾಹೇಬರು, "ಕೋಳಿ ಯಾರ ಅಂಗಡಿದು ಯಜಮಾನ್ರೇ?" ಎಂದರು. ಇಷ್ಟು ವರ್ಷ ತಿಂದದ್ದೇ ಬಂತು, ಎಲ್ಲಿಂದ ತಂದೆಯೆಂದು ಕೇಳಿದವನೇ ಅಲ್ಲ. "ಅದು ನಮ್ಮನೆಯವಳಿಗೇ ಗೊತ್ತು" ಎಂದೆ. ಇಬ್ಬರೂ ನಕ್ಕರು. ಮಾಲೀಕರು ನಗಲಿಲ್ಲ. "ನಮ್ಮ ಚೀಸು ಹೊರಡೋಕೆ ಇನ್ನು ನಿನ್ನ ಹೆಂಡ್ತಿ ಅಪ್ಪಣೆ ಆಗ್ಬೇಕು ಅನ್ನು! ಕೆಲಸ ಕೆಟ್ರೆ ಮನೇಲೇ ಕೂತು ಡಬ್ಬಿ ಬಿಸಿ ಮಾಡ್ಕೋ" ಎಂದು ದಡದಡ ಹೋದರು.

ಈಗ ತೊಟ್ಟಿಯನ್ನು ಯಾರೂ ಮುಟ್ಟದಂತೆ ಕಾಯುವ ಕೆಲಸ ನನಗೇ ಬಿದ್ದಿದೆ. ಕಾಯುವವನೇ ಎರಡು ಸಲ ಅಭ್ಯಾಸಬಲದಿಂದ ಹಬೆಯ ತಿರುಪಿಗೆ ಕೈಹಾಕಿ, ಬೆಚ್ಚಿ ಹಿಂದೆಳೆದುಕೊಂಡೆ. ಗುಡುಗುಡು ಸದ್ದಿಲ್ಲದ ಈ ಕೋಣೆ, ನೀನಿಲ್ಲದ ನಮ್ಮ ಅಡುಗೆಮನೆ, ಎರಡರಲ್ಲೂ ನನಗೆ ಹೊತ್ತು ಹೋಗುವುದಿಲ್ಲ. ಡಬ್ಬಿ ಹೇಗೂ ಖಾಲಿ. ಬನ್ನು ತಿಂದು ನೀರು ಕುಡಿದೆ.

ಪುಟ್ಟಿಗೂ ಕೂಸಿಗೂ ನನ್ನ ಆಶೀರ್ವಾದ, ಅಳಿಯಂದಿರಿಗೆ ನಮಸ್ಕಾರ.

ಇಂತು, ನಿನ್ನ ಯಜಮಾನ
(ಮನೆಯ ಮಟ್ಟಿಗೆ, ಅದೂ ನೀನು ಒಪ್ಪಿದರೆ)

ಮರೆತಿದ್ದೆ: ಕೋಳಿ ಯಾವ ಅಂಗಡಿಯದೆಂದು ಫೋನಿನಲ್ಲೇ ಕೇಳಬಹುದಿತ್ತು, ಆದರೆ ಹಲಾಲ್ ಸಾಹೇಬರಿಗೆ ನಿನ್ನ ಕೈಬರಹದಲ್ಲೇ ಬೇಕಂತೆ. ಬಸ್ ನಿಲ್ದಾಣದ ಅಂಗಡಿಯದಾದರೆ ಅದು ಹಲಾಲ್, ಅಲ್ಲಿಗೆ ಮುಗಿಯಿತು. ಸೇತುವೆ ಪಕ್ಕದ್ದಾದರೆ ಹಲಾಲ್ ಅಲ್ಲ, ಅವರ ಪರಿಶೀಲನೆಯೆಲ್ಲ ಮೊದಲಿನಿಂದ. ವ್ಯಾಪಾರಿ ಅಲ್ಲಿಯವರೆಗೆ ಕಾಯುವುದು ಅನುಮಾನ. ಈಗ ನಿನ್ನ ಮನಸ್ಸಿನಲ್ಲಿ ಓಡುತ್ತಿರುವುದು ನನಗಿಲ್ಲಿಂದಲೇ ಕಾಣಿಸುತ್ತಿದೆ. ಬೇಡ. ನನ್ನ ಕೆಲಸ ಉಳಿಸಲೆಂದು ಅಂಗಡಿ ಬದಲಿಸಬೇಡ. ಎಲ್ಲಿಂದ ತಂದೆಯೋ ಅಲ್ಲಿಂದಲೇ ತಂದೆ ಎಂದು ಬರೆ. ಬೇಗ ಬರೆ.