ಕಮಲಾಪುರದ ವೈಫೈ

ಜೇವರ್ಗಿ ಕಾಲೋನಿ, ಕಲಬುರಗಿ
ಶನಿವಾರ, ೧೪ ಜೂನ್ ೨೦೨೫

ಪ್ರೀತಿಯ ಅವ್ವನಿಗೆ,

ನಿನ್ನ ಮಲ್ಲಿಕಾಳ ನಮಸ್ಕಾರ. ನಾವೆಲ್ಲ ಆರಾಮ ಇದ್ದೇವೆ. ನಿನ್ನ ಮೊಣಕಾಲಿನ ನೋವು ಹೇಗಿದೆ ಎಂದು ಕೇಳಿ ಬರೆಯಲು ಹಿಂದಿನ ವಾರವೇ ಹಾಳೆ ತೆಗೆದಿಟ್ಟಿದ್ದೆ, ಅದರ ಮೇಲೆ ಕೂಸಿನ ಔಷಧ ಚೆಲ್ಲಿತು. ತಡವಾಯಿತೆಂದು ಸಿಟ್ಟಾಗಬೇಡ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗುತ್ತಿರಬಹುದು. ನೀನು ಸ್ಪೀಕರ್ ಹಚ್ಚಿ ಮಾತಾಡುತ್ತಿ, ಓಣಿಯೆಲ್ಲ ಕೇಳುತ್ತದೆ. ಇಲ್ಲಿ ನಾನು ಫೋನ್ ಎತ್ತಿದ ಕೂಡಲೇ ಅತ್ತೆ ಟಿವಿಯ ದನಿ ಸಣ್ಣದು ಮಾಡುತ್ತಾರೆ. ಆದ್ದರಿಂದ ಕಾಗದ.

ಕೂಸು ಈಗ ಮುಷ್ಟಿ ಬಾಯಿಗೆ ಹಾಕಿಕೊಳ್ಳುತ್ತಾಳೆ, ಮುಖ ನೋಡಿ ನಗುತ್ತಾಳೆ. ನಿದ್ದೆ ಮಾತ್ರ ಅವಳಿಗೂ ಇಲ್ಲ, ನನಗೂ ಇಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನಾನು ಏಳುತ್ತೇನೆ, ನಾನು ಎದ್ದ ಸಪ್ಪಳಕ್ಕೆ ಅವಳು ಏಳುತ್ತಾಳೆ. ಡಾಕ್ಟರು ತೂಕ ಸರಿಯಾಗಿದೆ ಎಂದರೂ ನನಗೆ ನಂಬಿಕೆ ಬರುವುದಿಲ್ಲ.

ಈ ನಿದ್ದೆಗೆಟ್ಟ ತಲೆಯ ಮೇಲೆ ಇ-ಮೇಲ್‌ನ ರಗಳೆ ಬಂದು ಕೂತಿತು. ನಿನಗೆ ಗೊತ್ತಿದೆಯಲ್ಲ, ಹೆರಿಗೆ ರಜೆ ಮುಗಿಯಿತು. ಸೋಮವಾರದಿಂದ ಬರುತ್ತೇನೆ ಎಂದು ಗುರುವಾರ ಸಂಜೆಯೊಳಗೆ ಕಾಲೇಜಿಗೆ ಮೇಲ್ ಹಾಕಬೇಕಿತ್ತು, ಇಲ್ಲದಿದ್ದರೆ ನನ್ನ ತರಗತಿಗಳನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರು. ಬರೆದೆ, ಕಳಿಸು ಒತ್ತಿದೆ. ಹೋಗಲಿಲ್ಲ. ಚಕ್ರ ತಿರುಗಿ ತಿರುಗಿ, ಹೋಗಬೇಕಾದ ಪತ್ರಗಳ ಸಾಲಿನಲ್ಲಿ ಹಾಗೆಯೇ ಕೂತಿತು. ತಮಾಷೆ ನೋಡು, ಬರುವ ಮೇಲ್ ಎಲ್ಲಾ ಬರುತ್ತಿತ್ತು. ಸೀರೆ ಅಂಗಡಿಯ ಜಾಹೀರಾತು ಬಂತು, ಕಾಲೇಜಿನಿಂದ ‘ನಿಮ್ಮ ಉತ್ತರ ಇನ್ನೂ ತಲುಪಿಲ್ಲ’ ಎಂಬ ನೆನಪೋಲೆ ಬಂತು. ಓದಬಹುದು, ಉತ್ತರ ಕೊಡಲಿಕ್ಕಾಗದು.

ವೈಫೈ ಪೆಟ್ಟಿಗೆ ಆರಿಸಿ ಹಚ್ಚಿದೆ. ಪಾಸ್‌ವರ್ಡ್ ಬದಲಿಸಿದೆ. ಬದಲಿಸಿದ್ದನ್ನು ಮರೆತು ಮತ್ತೆ ಬದಲಿಸಿದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಪಡಸಾಲೆ, ಅಡುಗೆಮನೆ, ಮಾಳಿಗೆ ಸುತ್ತಿದೆ. ಒಂದು ದಿನ ಪೆಟ್ಟಿಗೆಯೇ ಕಾಣಲಿಲ್ಲ. ನೋಡಿದರೆ ಅತ್ತೆ ಅದಕ್ಕೆ ಕೂಸಿನ ಕುಂಚಿಗೆ ಹೊದಿಸಿಟ್ಟಿದ್ದರು, ನೀನು ಹೊಲಿದ ಹಸಿರು ಕುಂಚಿಗೆ. ಕೇಳಿದ್ದಕ್ಕೆ, “ರಾತ್ರಿಯೆಲ್ಲಾ ಕಣ್ಣ ಮಿಟಿಕಿಸ್ತದವ್ವ ಅದು. ಕೂಸು ಅದನ್ನ ನೋಡ್ಕೊಂತ ಮಲಗ್ತದ, ನಿದ್ದಿ ಎಲ್ಲಿಂದ ಬರಬೇಕು?” ಅಂದರು. ಇದೇ ಕಾರಣವಿರಬೇಕೆಂದು ಖುಷಿಯಿಂದ ಕುಂಚಿಗೆ ತೆಗೆದೆ. ಮೇಲ್ ಆಗಲೂ ಹೋಗಲಿಲ್ಲ.

ನಿನ್ನ ಅಳಿಯ ಆಫೀಸಿನಿಂದ ಬಂದು, ಬೆವರಿನ ಅಂಗಿಯಲ್ಲೇ ಕೂತು, ನಾನು ಮಾಡಿದ್ದನ್ನೆಲ್ಲ ಮೊದಲಿನಿಂದ ಮಾಡಿದರು. ಕೇಬಲ್‌ನ ಇನಾಯತ್‌ನನ್ನು ಕರೆಸಿದರು. ಅವನು ತನ್ನ ಫೋನಿನಲ್ಲಿ ಒಂದು ವಿಡಿಯೋ ಓಡಿಸಿ ತೋರಿಸಿ, “ನೆಟ್ ಬರೋಬ್ಬರ್ ಅದರೀ ಭಾಭಿ, ನಿಮ್ಮ ಲ್ಯಾಪ್‌ಟಾಪಿಗೇ ದೃಷ್ಟಿ ಆಗ್ಯಾದ” ಎಂದು ನಕ್ಕು, ಚಹಾ ಕುಡಿದು ಹೋದ. ನನಗೆ ನಗು ಬರಲಿಲ್ಲ. ಕಾಲೇಜಿನ ಮೇಲ್ ಲ್ಯಾಪ್‌ಟಾಪಿನಲ್ಲಿ ಮಾತ್ರ ತೆರೆಯುತ್ತದೆ, ಆದ್ದರಿಂದ ಫೋನಿನಿಂದ ನನ್ನ ಸ್ವಂತ ವಿಳಾಸದಲ್ಲಿ ಕಳಿಸಿದೆ. ಕಾಲೇಜು ಕೊಟ್ಟ ವಿಳಾಸದಿಂದಲೇ ಬರಬೇಕು, ಅದು ನಿಯಮ ಎಂದು ಹಿಂತಿರುಗಿಸಿದರು. ಕ್ಲರ್ಕಿಗೆ ಫೋನ್ ಮಾಡಿದರೆ ಬಾಯಿಮಾತು ಫೈಲಿಗೆ ಹತ್ತುವುದಿಲ್ಲ ಎಂದರು. ಕಾಲೇಜಿನ ಕಂಪ್ಯೂಟರ್ ನೋಡುವವನು ಮದುವೆಯ ರಜೆಯಲ್ಲಿದ್ದ.

ಕಡೆಗೆ ಬುಧವಾರ, ಕೂಸು ತೊಡೆಯ ಮೇಲೆ ಮಲಗಿದ್ದಾಗ, ದಿನಾ ಸಿಟ್ಟಿನಿಂದ ಮುಚ್ಚುತ್ತಿದ್ದ ಆ ತಪ್ಪಿನ ಸಂದೇಶವನ್ನು ಪೂರ್ತಿ ಓದಿದೆ. ಅದರಲ್ಲಿ ನಿಮ್ಮ ಕಮಲಾಪುರದ ಕೇಬಲ್ ಕಂಪನಿಯ ಹೆಸರಿತ್ತು. ಆಗ ಹೊಳೆಯಿತು. ಬಾಣಂತನಕ್ಕೆ ಬಂದಾಗ ಅಲ್ಲಿಯೂ ಒಮ್ಮೆ ಮೇಲ್ ನಿಂತಿತ್ತಲ್ಲ, ತಮ್ಮ ಯಶವಂತ ಆ ಕಂಪನಿಯ ಹುಡುಗನನ್ನು ಕರೆಸಿ ಸರಿ ಮಾಡಿಸಿದ್ದ. ಆ ಹುಡುಗ ನನ್ನ ಮೇಲ್ ಹೊರಗೆ ಹೋಗುವ ದಾರಿಯನ್ನು ತನ್ನ ಕಂಪನಿಯ ಮೂಲಕ ಮಾಡಿಟ್ಟಿದ್ದ. ಆ ಕಂಪನಿ ತನ್ನ ನೆಟ್ಟಿನಲ್ಲಿ ಇರುವವರ ಮೇಲ್ ಮಾತ್ರ ತೆಗೆದುಕೊಳ್ಳುತ್ತದೆ. ನಾನು ತೊಟ್ಟಿಲು ಸಮೇತ ಗಂಡನ ಮನೆಗೆ ಬಂದೆ, ಲ್ಯಾಪ್‌ಟಾಪ್ ಮಾತ್ರ ಇನ್ನೂ ತವರಿನಲ್ಲೇ ಇದ್ದೇನೆ ಎಂದುಕೊಂಡಿತ್ತು.

ಯಶವಂತನಿಗೆ ಫೋನ್ ಮಾಡಿದೆ. ಬಾಳೆಹಣ್ಣಿನ ಲಾರಿಯ ಜೊತೆ ಸೋಲಾಪುರದಲ್ಲಿದ್ದ. ಹಳೆಯ ಸೆಟ್ಟಿಂಗ್ ಏನಿತ್ತೋ ನೆನಪಿಲ್ಲವಂತೆ, ಆ ಹುಡುಗ ಅಳಿಸಿಬಿಟ್ಟಿದ್ದಾನಂತೆ. “ಅಕ್ಕಾ, ಸುಮ್ಮನ ತಲಿ ಕೆಡಿಸ್ಕೋಬ್ಯಾಡ. ನಮ್ಮ ಮನಿಗಿ ಬಂದು ಒತ್ತು, ಹೋಗ್ತದ” ಅಂದ. ತಾಸಿನ ದಾರಿ ಅವನಿಗೆ ಅಷ್ಟು ಹಗುರ.

ಆಮೇಲೆ ನಿನಗೆ ಮಾಡಿದ ಫೋನ್ ನಿನಗೇ ನೆನಪಿದೆ. ನಾಳೆ ಒಂದು ತಾಸು ಬಂದು ಹೋಗಲೇ ಎಂದು ಕೇಳಿದೆ. “ಈಗ ಬ್ಯಾಡವ್ವ. ತೊಟ್ಟಲ ಕಳಿಸಿ ಇನ್ನಾ ತಿಂಗಳಾಗಿಲ್ಲ. ಒಬ್ಬಾಕಿನೇ ಕೂಸಿನ ಕಟ್ಕೊಂಡು ಬಸ್ ಇಳಿದ್ರ, ಜಗಳಾಡಿ ಬಂದಾಳ ಅಂತಾರ ಮಂದಿ. ಶ್ರಾವಣದಾಗ ನಾವೇ ಕರೀಲಾಕ ಬರ್ತೀವಿ” ಅಂದೆ ನೀನು. ಮೇಲ್ ಶ್ರಾವಣದವರೆಗೆ ಕಾಯುವುದಿಲ್ಲ ಎಂದು ಹೇಳುವಷ್ಟರಲ್ಲಿ ನಿನ್ನ ಕುಕ್ಕರ್ ಕೂಗಿತು.

ಇರಲಿ. ಗುರುವಾರ ಮೇಲ್ ಹೋಯಿತು. ತಲುಪಿತೆಂದು ಸಂಜೆಯೇ ಉತ್ತರ ಬಂತು. ಸೋಮವಾರದಿಂದ ಕಾಲೇಜು, ಕೂಸು ಅತ್ತೆಯ ಹತ್ತಿರ. ಅವರು ಈಗಲೇ ಎರೆಯುವ ನೀರಿನ ಹದದ ಬಗ್ಗೆ ನನಗೆ ಪಾಠ ಶುರುಮಾಡಿದ್ದಾರೆ. ಕಂಪ್ಯೂಟರಿನವನು ಮದುವೆ ಮುಗಿಸಿ ಬಂದ ಮೇಲೆ ದಾರಿ ಬದಲಿಸಿಕೊಡುತ್ತಾನಂತೆ.

ಯಶವಂತನ ಮಗಳಿಗೆ ಈ ಅತ್ತೆಯ ಆಶೀರ್ವಾದ ಹೇಳು, ಚೆನ್ನಾಗಿ ಓದಲಿ. ನಿನ್ನ ಹರಕೆ ನಮ್ಮ ಮೂವರ ಮೇಲಿರಲಿ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಮಗಳು
ಮಲ್ಲಿಕಾ

ತಾ.ಕ.: ಮೇಲ್ ಹೇಗೆ ಹೋಯಿತೆಂದು ಬರೆಯದೆ ಮುಗಿಸಬೇಕೆಂದಿದ್ದೆ, ಆಗುತ್ತಿಲ್ಲ. ಗುರುವಾರ ನಾನು ಕಮಲಾಪುರಕ್ಕೆ ಬಂದಿದ್ದೆ. ಅತ್ತೆಗೆ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಹೇಳಿ, ಕೂಸನ್ನು ಕಟ್ಟಿಕೊಂಡು ಬಸ್ ಹತ್ತಿದೆ. ಮಹಾಗಾಂವ ದಾಟುವವರೆಗೂ ನೀನು ಒಳಗೆ ಕರೆಯುತ್ತಿ ಅಂದುಕೊಂಡೇ ಬಂದೆ. ಓಣಿಯಲ್ಲಿ ಮಂದಿ ಕೂತಿದ್ದರು, ನಿನ್ನ ಮಾತು ನೆನಪಾಯಿತು. ಹಿಂದಿನಿಂದ ಹೋಗಿ ಪಕ್ಕದ ಮನೆಯ ಅಕ್ಬರಿ ಬೇಗಂ ಅವರ ಅಂಗಳದಲ್ಲಿ, ನಮ್ಮ ಮನೆಯ ಗೋಡೆಗೆ ಒರಗಿ ಕೂತೆ. ಲ್ಯಾಪ್‌ಟಾಪ್ ತೆರೆದ ಕೂಡಲೇ ನಮ್ಮ ಮನೆಯ ವೈಫೈ ತಾನಾಗಿಯೇ ಹಿಡಿದುಕೊಂಡಿತು, ಯಾಕೆ ಬಂದೆ ಎಂದು ಕೇಳಲಿಲ್ಲ. ಒತ್ತಿದೆ, ಹೋಯಿತು.

ಗೋಡೆಯಾಚೆ ನೀನು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದೆ: “ನಮ್ಮ ಮಲ್ಲಿಕಾ ಹೊಂದ್ಕೊಂಡಾಳವ್ವ. ತವರಮನಿ ನೆನಪ ಸೈತ ಇಲ್ಲ ಅಕಿಗಿ.” ಅಷ್ಟರಲ್ಲಿ ಕೂಸು ಅತ್ತಿತು. ನೀನೇ ದಿನಾ ಎರೆದು ಮಲಗಿಸಿದ ಕೂಸು. “ಬೇಗಂ, ಯಾರ ಕೂಸದು?” ಎಂದು ನೀನು ಕೂಗಿದೆ. ಅವರು ನನ್ನ ಮುಖ ನೋಡಿದರು, ಹೇಳಬೇಡಿ ಎಂದು ನಾನು ತಲೆ ಅಲ್ಲಾಡಿಸಿದೆ. ಮೆಹಮಾನರು ಬಂದಿದ್ದಾರೆ ಎಂದರು ಪಾಪ. ಅವರ ಮೇಲೆ ಸಿಟ್ಟಾಗಬೇಡ. “ಹಾಲಿಗಿ ಅಳಾಕತ್ತದ, ಕುಡಸಂತ ಹೇಳ್ರಿ ಅಕಿಗಿ” ಅಂದೆ ನೀನು.

ಕುಡಿಸಿದೆ ಅವ್ವ. ಅಲ್ಲೇ ಗೋಡೆಗೆ ಒರಗಿ ಕೂತು ಕುಡಿಸಿ, ಬಸ್ಸಿಗೆ ಬಂದೆ.